ಹಳೇ ಮನೆಯ ಅಡುಗೆಮನೆ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯಾ? ಪಂಪ್ ತರುವ ಮೊದಲು ಇಷ್ಟು ಮಾಡಿ

ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಹೆಂಚಿನ ಮನೆ. ಅಮ್ಮ ಅಡುಗೆಮನೆ ನಲ್ಲಿ ತಿರುಗಿಸಿ, ಕೆಳಗೆ ಪಾತ್ರೆ ಇಟ್ಟು, ಹಿತ್ತಲಿಗೆ ಹೋಗಿ ಕೋಳಿಗಳಿಗೆ ಅಕ್ಕಿ ಹಾಕಿ ಬರುತ್ತಿದ್ದರು. ವಾಪಸ್ ಬಂದರೂ ಪಾತ್ರೆ ತುಂಬಿರುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು. ಹುತ್ತರಿ ಹಬ್ಬಕ್ಕೆ ನೆಂಟರು ಬಂದು, ಪಂದಿಕರಿ ಮಾಡಿದ ಜಿಡ್ಡಿನ ಪಾತ್ರೆಗಳು ಸಿಂಕಿನಲ್ಲಿ ರಾಶಿ ಬಿದ್ದಾಗ ಮಾತ್ರ "ಇದಕ್ಕೊಂದು ಏನಾದ್ರೂ ಮಾಡೋ" ಅನ್ನುವ ಮಾತು ಬರುತ್ತಿತ್ತು.

ಕೊನೆಗೆ ಅಂಗಡಿಯವರ ಮಾತು ಕೇಳಿ ಒಂದು ಪ್ರೆಶರ್ ಪಂಪ್ ತಂದು ಹಾಕಿಸಿದೆ. ಎರಡು ವಾರ ಭರ್ಜರಿಯಾಗಿ ನೀರು ಬಂತು. ಮೂರನೇ ವಾರ, ರಾತ್ರೋರಾತ್ರಿ, ಗೋಡೆಯೊಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಎಲ್ಬೋ, ಅಂದರೆ ತಿರುವಿನ ಜೋಡಣೆ, ಒಡೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಅಕ್ಕಿ ಡ್ರಮ್ಮಿನ ಸುತ್ತ ನೀರು, ಮಣ್ಣಿನ ಗೋಡೆ ಸೊಂಟದೆತ್ತರಕ್ಕೆ ಒದ್ದೆ. ಪೈಪ್ ಬಿಚ್ಚಿದ ಮೇಲೆ ನಿಜ ಗೊತ್ತಾಯಿತು. ಟ್ಯಾಂಕಿನ ಬುಡದ ಗೇಟ್ ವಾಲ್ವ್ ಅರ್ಧ ಮುಚ್ಚಿಕೊಂಡು ಹಾಗೇ ಕಚ್ಚಿ ಕೂತಿತ್ತು. ಪೈಪಿನೊಳಗೆ ಪೆನ್ಸಿಲ್ ತೂರುವಷ್ಟು ಮಾತ್ರ ದಾರಿ ಉಳಿದಿತ್ತು. ನಮಗೆ ಪಂಪ್ ಬೇಕೇ ಇರಲಿಲ್ಲ. ದಾರಿ ಬಿಡಿಸಬೇಕಿತ್ತು, ಅಷ್ಟೇ.

ಆ ಪೆಟ್ಟು ತಿಂದು ಕಲಿತ ಕೆಲಸವನ್ನು, ಕಲಿತ ಕ್ರಮದಲ್ಲಲ್ಲ, ಮಾಡಬೇಕಾದ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಎತ್ತರ ಬೇರೆ, ದಾರಿ ಬೇರೆ

ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಎಲ್ಲರೂ "ಪ್ರೆಶರ್ ಇಲ್ಲ" ಅನ್ನುತ್ತೇವೆ. ಆದರೆ ಅದರ ಹಿಂದೆ ಎರಡು ಬೇರೆ ಬೇರೆ ಕಾಯಿಲೆ ಇರಬಹುದು.

ಒಂದು, ನಿಜವಾಗಿಯೂ ಒತ್ತಡ ಕಡಿಮೆ ಇರುವುದು. ಟ್ಯಾಂಕಿನಿಂದ ಬರುವ ನೀರಿಗೆ ಒತ್ತಡ ಸಿಗುವುದು ಎತ್ತರದಿಂದ ಮಾತ್ರ. ಟ್ಯಾಂಕಿನ ನೀರಿನ ಮಟ್ಟದಿಂದ ನಲ್ಲಿಯ ಬಾಯಿವರೆಗೆ ನೇರ ಎತ್ತರ ಎಷ್ಟಿದೆಯೋ ಅಷ್ಟೇ. 33 ಅಡಿ, ಅಂದರೆ 10 ಮೀಟರ್ ಎತ್ತರವಿದ್ದರೆ ಸುಮಾರು 1 ಬಾರ್ ಒತ್ತಡ. ಪ್ಲಂಬರ್‌ಗಳು ಇದನ್ನೇ 'ಒಂದು ಕೆಜಿ ಪ್ರೆಶರ್' ಅನ್ನುತ್ತಾರೆ. 10 ಅಡಿ ಇದ್ದರೆ 0.3 ಬಾರ್. ಟ್ಯಾಂಕ್ 500 ಲೀಟರಿನದ್ದೋ 2000 ಲೀಟರಿನದ್ದೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಟ್ಯಾಂಕ್ ಇಟ್ಟರೆ ಪ್ರೆಶರ್ ಜಾಸ್ತಿ ಅಂತ ನಂಬಿ ದುಡ್ಡು ಹಾಕಿದವರನ್ನು ನಾನೇ ನೋಡಿದ್ದೇನೆ.

ಇನ್ನೊಂದು, ಎತ್ತರ ಸರಿಯಾಗಿಯೇ ಇದ್ದು ದಾರಿ ಕಟ್ಟಿಕೊಂಡಿರುವುದು. ತುಕ್ಕು, ಕೆಸರು, ಕೆಟ್ಟ ವಾಲ್ವ್, ಗಾಳಿ, ಸಪೂರ ಪೈಪ್ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ.

ಯಾವುದು ಅಂತ ಹೇಗೆ ತಿಳಿಯುವುದು? ನಲ್ಲಿಯನ್ನು ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಒಂದೇ ಸಲ ಪೂರ್ತಿ ತಿರುಗಿಸಿ. ಮೊದಲ ಕ್ಷಣ ನೀರು ಚಿಮ್ಮಿ ಬಂದು, ಆಮೇಲೆ ಸಣ್ಣಗಾದರೆ ದಾರಿಯಲ್ಲಿ ಅಡ್ಡಿಯಿದೆ. ನಿಂತ ನೀರಿನಲ್ಲಿ ಒತ್ತಡ ತುಂಬಿಕೊಂಡಿತ್ತು, ಹರಿಯಲು ಶುರುವಾದ ಮೇಲೆ ಹಿಂದಿನಿಂದ ಅಷ್ಟು ನೀರು ಬರಲಿಲ್ಲ ಅಂತ ಅರ್ಥ. ಮೊದಲಿಂದ ಕೊನೆಯವರೆಗೂ ಒಂದೇ ತರ ಮೆತ್ತಗೆ ಬಂದರೆ ಎತ್ತರದ ಬಗ್ಗೆ ಅನುಮಾನಪಡಿ. ಆದರೆ ನಲ್ಲಿಯ ಬಾಯಲ್ಲೇ ಕಸ ಕೂತಿದ್ದರೂ ಹೀಗೇ ಆಗುತ್ತದೆ. ಹಾಗಾಗಿ ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

ಮೊದಲು ಅಳೆಯಿರಿ

ಒಂದು ಲೀಟರ್ ಅಳತೆಯ ಪಾತ್ರೆ, ಮೊಬೈಲಿನ ಸ್ಟಾಪ್‌ವಾಚ್. ಇಷ್ಟಿದ್ದರೆ ಸಾಕು. ಟ್ಯಾಂಕ್ ತುಂಬಿರುವಾಗ, ಬೇರೆ ನಲ್ಲಿಗಳೆಲ್ಲ ಮುಚ್ಚಿರುವಾಗ, ಅಡುಗೆಮನೆ ನಲ್ಲಿ ಪೂರ್ತಿ ತಿರುಗಿಸಿ ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 60 ಅನ್ನು ಆ ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಸಿಗುತ್ತದೆ. 10 ಸೆಕೆಂಡ್ ಆದರೆ ನಿಮಿಷಕ್ಕೆ 6 ಲೀಟರ್. ಪಾತ್ರೆ ತೊಳೆಯಲು ಅದು ಆರಾಮ. 15 ಸೆಕೆಂಡ್ ದಾಟಿದರೆ ಕಿರಿಕಿರಿ ಶುರು. ನಮ್ಮ ಮನೆಯಲ್ಲಿ 38 ಸೆಕೆಂಡ್ ಆಗುತ್ತಿತ್ತು.

ಹೀಗೇ ಬಚ್ಚಲುಮನೆ ನಲ್ಲಿ, ಅಂಗಳದ ನಲ್ಲಿ ಎರಡನ್ನೂ ಅಳೆದು ಬರೆದಿಡಿ. ಬಚ್ಚಲಲ್ಲಿ ಚೆನ್ನಾಗಿ ಬಂದು ಅಡುಗೆಮನೆಯಲ್ಲಿ ಮಾತ್ರ ಸಣ್ಣಗಿದ್ದರೆ ತೊಂದರೆ ಕೊನೆಯ ಕೆಲವು ಅಡಿಗಳಲ್ಲಿದೆ. ಎಲ್ಲ ಕಡೆಯೂ ಸಣ್ಣಗಿದ್ದರೆ ತೊಂದರೆ ಟ್ಯಾಂಕಿನ ಬುಡದಲ್ಲೋ ದೊಡ್ಡ ಪೈಪಿನಲ್ಲೋ ಇದೆ. ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರ್ ಅಥವಾ ಸೋಲಾರ್ ಲೈನ್ ನೋಡಿ. ನಿನ್ನೆವರೆಗೆ ಸರಿಯಿದ್ದು ಇವತ್ತು ಇದ್ದಕ್ಕಿದ್ದಂತೆ ಕಡಿಮೆಯಾದರೆ ಅದು ಕಸ ಅಥವಾ ಗಾಳಿ. ನಾಲ್ಕೈದು ವರ್ಷದಲ್ಲಿ ಗೊತ್ತೇ ಆಗದ ಹಾಗೆ ಕಡಿಮೆಯಾಗುತ್ತಾ ಬಂದಿದ್ದರೆ ತುಕ್ಕು.

ಮುಂದಿನ ಪ್ರತಿ ಹಂತದ ನಂತರವೂ ಮತ್ತೆ ಅಳೆಯಿರಿ. ಇಲ್ಲದಿದ್ದರೆ ಯಾವ ಕೆಲಸದಿಂದ ಎಷ್ಟು ಲಾಭ ಆಯಿತು ಅಂತ ಗೊತ್ತಾಗುವುದಿಲ್ಲ, ಸುಮ್ನೆ ಎಲ್ಲವನ್ನೂ ಬದಲಾಯಿಸುತ್ತಾ ಹೋಗುತ್ತೀರಿ.

ನಲ್ಲಿಯ ಬಾಯಿ

ಹೊಸ ತರದ ನಲ್ಲಿಗಳ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ. ಅಂಗಡಿಯಲ್ಲಿ ಏರೇಟರ್ ಅನ್ನುತ್ತಾರೆ. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣು, ಹಳೇ ಪೈಪಿನ ತುಕ್ಕಿನ ಚೂರು ಎಲ್ಲ ಬಂದು ಕೂರುವುದು ಇಲ್ಲೇ. ಒದ್ದೆ ಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿದರೆ ಹೆಚ್ಚಿನವು ಬಿಚ್ಚುತ್ತವೆ. ಬರದಿದ್ದರೆ ಬಟ್ಟೆಯ ಮೇಲಿಂದ ಪ್ಲಾಯರ್ ಹಿಡಿಯಿರಿ. ಬರೀ ಪ್ಲಾಯರ್ ಹಿಡಿದರೆ ಮೇಲಿನ ಪಾಲಿಶ್ ಕಿತ್ತು ಬರುತ್ತದೆ. ಒಳಗಿನ ಬಿಲ್ಲೆಗಳು ಯಾವ ಕ್ರಮದಲ್ಲಿವೆ ಅಂತ ಬಿಚ್ಚುವಾಗಲೇ ಒಂದು ಫೋಟೋ ತೆಗೆದುಕೊಳ್ಳಿ.

ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ತುಕ್ಕಿನ ಕಲೆ ಗಟ್ಟಿಯಾಗಿದ್ದರೆ ನಿಂಬೆರಸದಲ್ಲೋ ಬಿಳಿ ವಿನೆಗರ್‌ನಲ್ಲೋ ಒಂದು ಗಂಟೆ ನೆನೆಸಿ. ಪಂದಿಕರಿಗೆ ಹಾಕುವ ನಮ್ಮ ಕಡೆಯ ಹುಳಿ, ಕಾಚಂಪುಳಿ, ಹಾಕಿದರೂ ಬಿಡಬಹುದು, ಆದರೆ ಅದರ ಬೆಲೆಗೆ ನಾಲ್ಕು ಹೊಸ ಏರೇಟರ್ ಬರುತ್ತವೆ, ಅದು ಕರಿಗೇ ಇರಲಿ. ಜಾಲರಿ ಬಿಚ್ಚಿದ ಮೇಲೆ ಅದಿಲ್ಲದೆ ಒಮ್ಮೆ ನೀರು ಬಿಟ್ಟು ಅಳೆಯಿರಿ. ಈಗ ನೀರು ಚೆನ್ನಾಗಿ ಬಂದರೆ ನಿಮ್ಮ ಕೆಲಸ ಮುಗಿಯಿತು.

ಹಳೇ ಕಾಲದ ಹಿತ್ತಾಳೆ ನಲ್ಲಿಯಾದರೆ ಕತೆ ಬೇರೆ. ಅದರಲ್ಲಿ ಜಾಲರಿ ಇಲ್ಲ, ಆದರೆ ಒಳಗೆ ರಬ್ಬರ್ ವಾಷರ್ ಇದೆ. ಅದು ಹಳತಾಗಿ ಉಬ್ಬಿಕೊಂಡರೆ, ಅಥವಾ ಕಳಚಿ ತೂತಿನ ಮೇಲೇ ಬಿದ್ದುಕೊಂಡರೆ, ಎಷ್ಟು ತಿರುಗಿಸಿದರೂ ನೀರು ಸಣ್ಣಗೇ ಬರುತ್ತದೆ. ನೀರು ಬಂದ್ ಮಾಡಿ, ಸ್ಪ್ಯಾನರಿನಿಂದ ನಲ್ಲಿಯ ತಲೆ ಬಿಚ್ಚಿ, ವಾಷರ್ ಬದಲಿಸಿ. ಕಾಲು ಸುತ್ತು ತಿರುಗುವ ಹೊಸ ನಲ್ಲಿಗಳಲ್ಲಿ ವಾಷರ್ ಬದಲು ಸೆರಾಮಿಕ್ ಬಿಲ್ಲೆಗಳ ಸ್ಪಿಂಡಲ್ ಇರುತ್ತದೆ. ಅದರೊಳಗೆ ಮರಳು ಸಿಕ್ಕಿಕೊಂಡಿದ್ದರೆ ತೊಳೆದು ನೋಡಿ, ಸರಿಯಾಗದಿದ್ದರೆ ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದ್ದು ತನ್ನಿ.

ಇಲ್ಲೊಂದು ನನ್ನ ಅನಿಸಿಕೆ. ಉದ್ದ ಕತ್ತಿನ, ಎಳೆದರೆ ಬರುವ, ಶವರ್ ತರ ಚಿಮ್ಮುವ ಚಂದದ ಸಿಂಕ್ ನಲ್ಲಿಗಳು ಒತ್ತಡ ಚೆನ್ನಾಗಿರುವ ಮನೆಗಳಿಗೆ ಮಾಡಿದಂಥವು. ಹೆಂಚಿನ ಮನೆಯ ಪಕ್ಕ ಇಟ್ಟಿಗೆ ಕಂಬದ ಮೇಲೆ ಕೂತ ಟ್ಯಾಂಕಿಗೆ ಅವು ಆಗಿಬರುವುದಿಲ್ಲ. ಒಳಗೆ ಅಗಲ ದಾರಿಯಿರುವ ಸಾದಾ ನಲ್ಲಿಯೇ ಅಲ್ಲಿ ಜಾಸ್ತಿ ನೀರು ಕೊಡುತ್ತದೆ. ಕೊಳ್ಳುವಾಗ "ಕಡಿಮೆ ಪ್ರೆಶರ್‌ಗೆ ಆಗುತ್ತಾ?" ಅಂತ ಕೇಳಿ, ಪೆಟ್ಟಿಗೆಯ ಮೇಲೆ ಕನಿಷ್ಠ ಎಷ್ಟು ಬಾರ್ ಬೇಕು ಅಂತ ಬರೆದಿದ್ದರೆ ನೋಡಿ.

ಸಿಂಕಿನ ಕೆಳಗೆ

ನಲ್ಲಿ ಸಿಂಕಿನ ಮೇಲೆ ಕೂತಿದ್ದರೆ ಕೆಳಗೆ ಗೋಡೆಯಲ್ಲಿ ಒಂದು ಆಂಗಲ್ ಕಾಕ್ (ನೀರು ಬಂದ್ ಮಾಡುವ ಸಣ್ಣ ವಾಲ್ವ್), ಅಲ್ಲಿಂದ ನಲ್ಲಿಗೆ ಒಂದು ಕನೆಕ್ಷನ್ ಪೈಪ್ ಇರುತ್ತದೆ. ಆಂಗಲ್ ಕಾಕ್ ಪೂರ್ತಿ ತೆರೆದಿದೆಯಾ ನೋಡಿ. ನಗಬೇಡಿ. ಯಾವತ್ತೋ ರಿಪೇರಿಗೆ ಬಂದವರು ಮುಚ್ಚಿ, ಆಮೇಲೆ ಅರ್ಧವೇ ತೆರೆದು ಹೋಗಿರುವುದು ಬಹಳ ಮಾಮೂಲು.

ಆಮೇಲೆ ಆಂಗಲ್ ಕಾಕ್ ಮುಚ್ಚಿ, ಕನೆಕ್ಷನ್ ಪೈಪನ್ನು ನಲ್ಲಿಯ ಕಡೆಯಿಂದ ಬಿಚ್ಚಿ, ಬಕೆಟಿನೊಳಗೆ ಹಿಡಿದು ಕಾಕ್ ತೆರೆಯಿರಿ. ಇಲ್ಲಿ ಜೋರಾಗಿ ಬಂದರೆ ತಪ್ಪು ನಲ್ಲಿಯದ್ದೇ. ಇಲ್ಲೂ ಸಣ್ಣಗಿದ್ದರೆ ಪೈಪನ್ನು ಕಾಕ್‌ನಿಂದಲೂ ಬಿಚ್ಚಿ, ಕಾಕ್‌ನಿಂದ ನೇರ ಬರುವ ನೀರು ನೋಡಿ. ಈಗ ಜೋರಾದರೆ ಕನೆಕ್ಷನ್ ಪೈಪ್ ಹಾಳಾಗಿದೆ. ಹೊರಗಿನ ಸ್ಟೀಲ್ ಹೆಣಿಗೆ ಹೊಳೆಯುತ್ತಿದ್ದರೂ ಒಳಗಿನ ರಬ್ಬರ್ ಕುಗ್ಗಿ ದಾರಿ ಮುಚ್ಚಿರಬಹುದು. ಹೊಸದು ಹಾಕಿ.

ಕಾಕ್‌ನಿಂದಲೂ ಸಣ್ಣಗೇ ಬಂದರೆ ಮೇಲೆ ಟ್ಯಾಂಕಿನ ವಾಲ್ವ್ ಮುಚ್ಚಿ, ಕಾಕನ್ನೇ ಗೋಡೆಯಿಂದ ಬಿಚ್ಚಬೇಕು. ಈ ಹಂತಕ್ಕೆ ಮನೆಯವರು ಒಬ್ಬರು ವಾಲ್ವ್ ಹತ್ತಿರ ನಿಲ್ಲಲಿ, ನೀವು ಕೂಗಿದಾಗ ಒಂದೆರಡು ಸೆಕೆಂಡ್ ಮಾತ್ರ ನೀರು ಬಿಟ್ಟು ಮತ್ತೆ ಮುಚ್ಚಲಿ. ಬಿಚ್ಚುವಾಗ ಒಂದು ಎಚ್ಚರ. ಹಳೇ ಜಿಐ ಪೈಪ್ ಆದರೆ ಬಲವಂತ ಮಾಡಬೇಡಿ, ಗೋಡೆಯೊಳಗಿನ ಎಲ್ಬೋ ಮುರಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಗೋಡೆಯ ತೂತಿಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಕಂದು ಗಂಟುಗಳು ಕಂಡರೆ ಪೈಪಿನ ಕತೆ ಗೊತ್ತಾಯಿತು.

ನೀರಿನ ಫಿಲ್ಟರಿಗೆ ಅಂತ ಇದೇ ಲೈನಿನಿಂದ ಟೀ (ಕವಲೊಡೆಯುವ ಮೂರು ಬಾಯಿಯ ಜೋಡಣೆ) ಹೊಡೆದಿದ್ದರೆ ಆ ಜೋಡಣೆಯ ಒಳದಾರಿ ಎಷ್ಟು ಕಿರಿದಾಗಿದೆ ಅಂತಲೂ ನೋಡಿಬಿಡಿ. ಮನೆಗೆಲ್ಲ ಸೇರಿ ಒಂದು ಫಿಲ್ಟರ್ ಹಾಕಿಸಿದ್ದರೆ, ಅದನ್ನು ಮಳೆಗಾಲದಲ್ಲಿ ಎಷ್ಟು ಬೇಗ ತೊಳೆಯಬೇಕಾಗುತ್ತದೆ ಅನ್ನುವುದು ನಿಮಗೇ ಗೊತ್ತು.

ಪೈಪಿನಲ್ಲಿ ಸಿಕ್ಕಿಬಿದ್ದ ಗಾಳಿ

ಕರೆಂಟಿಲ್ಲದೆ ಎರಡು ದಿನ ಮೋಟರ್ ಓಡದೆ ಟ್ಯಾಂಕ್ ಖಾಲಿಯಾಗಿ, ಮತ್ತೆ ತುಂಬಿಸಿದ ಮೇಲೆ ನೀರು ಬುಸ್ ಬುಸ್ ಅಂತ ಉಗುಳುತ್ತಾ ಬರುತ್ತಿದ್ದರೆ ಅದು ಏರ್ ಲಾಕ್. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಹೊಸ ವಿಷಯವೇ? ಹಾಗಾಗಿ ಈ ತೊಂದರೆಯೂ ಮಳೆಗಾಲದ್ದೇ.

ಗಾಳಿ ಕೂರುವುದು ಪೈಪ್ ಮೇಲೇರಿ ಮತ್ತೆ ಕೆಳಗಿಳಿಯುವ ಜಾಗದಲ್ಲಿ. ಹಳೇ ಮನೆಗಳಲ್ಲಿ ಪೈಪ್ ಬಾಗಿಲ ಮೇಲಿಂದ ಹಾದು, ಅಟ್ಟಕ್ಕೇರಿ, ಅಡುಗೆಮನೆಗೆ ಇಳಿದಿರುತ್ತದೆ. ಮೊದಲು ಮನೆಯ ಅತಿ ತಗ್ಗಿನ ನಲ್ಲಿಯನ್ನು, ಸಾಮಾನ್ಯವಾಗಿ ಅಂಗಳದ್ದು, ಪೂರ್ತಿ ತೆರೆದು ಹತ್ತು ನಿಮಿಷ ಬಿಡಿ. ಅದು ಆಗದಿದ್ದರೆ ಬೋರ್‌ವೆಲ್ ಅಥವಾ ಬಾವಿ ಮೋಟರಿನಿಂದ ನೇರ ಬರುವ ನಲ್ಲಿಗೆ ಒಂದು ಹೋಸ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅಡುಗೆಮನೆ ನಲ್ಲಿಯ ಬಾಯಿಗೆ ಬಿಗಿದು ಕಟ್ಟಿ, ಎರಡನ್ನೂ ತೆರೆದು ಮೋಟರನ್ನು ಅರ್ಧ ನಿಮಿಷ ಓಡಿಸಿ. ಹಿಮ್ಮುಖವಾಗಿ ನುಗ್ಗುವ ನೀರು ಗಾಳಿಯನ್ನು ಟ್ಯಾಂಕಿಗೆ ತಳ್ಳುತ್ತದೆ. ಈ ಕೆಲಸವನ್ನು ಪಂಚಾಯಿತಿ ಅಥವಾ ನಗರಸಭೆ ನೀರಿನ ಲೈನಿಗೆ ಜೋಡಿಸಿ ಮಾಡಬೇಡಿ. ಅವರ ಸಪ್ಲೈ ನಿಂತ ಕ್ಷಣ ನಿಮ್ಮ ಟ್ಯಾಂಕಿನ ನೀರು ಊರಿನ ಪೈಪಿಗೆ ಹೋಗುತ್ತದೆ.

ಪದೇ ಪದೇ ಆಗುತ್ತಿದ್ದರೆ ಶಾಶ್ವತ ಪರಿಹಾರ ಗಾಳಿ ಪೈಪ್. ಲೈನಿನ ಅತಿ ಎತ್ತರದ ಜಾಗದಲ್ಲಿ ಒಂದು ಟೀ ಹಾಕಿ, ಅರ್ಧ ಇಂಚಿನ ಪೈಪನ್ನು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ದು ಬಾಯಿ ತೆರೆದೇ ಬಿಡಿ. ತುದಿಯನ್ನು ಕೆಳಮುಖವಾಗಿ ಬಗ್ಗಿಸಿ ಸೊಳ್ಳೆ ಪರದೆ ಕಟ್ಟಿ.

ಟ್ಯಾಂಕಿನ ಬುಡದ ವಾಲ್ವ್

ನನ್ನ ಮನೆಯ ಕಳ್ಳ ಇಲ್ಲೇ ಕೂತಿದ್ದ. ಹಳೇ ಮನೆಗಳಲ್ಲಿ ಟ್ಯಾಂಕಿನ ಕೆಳಗೆ ಚಕ್ರದಂಥ ಹಿಡಿಯ ಗೇಟ್ ವಾಲ್ವ್ ಇರುತ್ತದೆ. ಚಕ್ರ ತಿರುಗಿಸಿದರೆ ಒಳಗೆ ಒಂದು ಹಿತ್ತಾಳೆ ಬಾಗಿಲು ಮೇಲೆ ಕೆಳಗೆ ಹೋಗಬೇಕು. ವರ್ಷಗಟ್ಟಲೆ ಮುಟ್ಟದಿದ್ದರೆ ಅದು ಕಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಬಾಗಿಲು ದಂಡದಿಂದ ಕಳಚಿ ಕೆಳಗೇ ಬಿದ್ದಿರುತ್ತದೆ. ಆಗ ಹೊರಗೆ ಚಕ್ರ ಚೆನ್ನಾಗಿಯೇ ತಿರುಗುತ್ತದೆ, ನೀವು 'ಪೂರ್ತಿ ತೆರೆದಿದೆ' ಅಂದುಕೊಳ್ಳುತ್ತೀರಿ. ಚಕ್ರ ಎರಡೂ ಕಡೆಗೆ ಕೊನೆಯೇ ಇಲ್ಲದೆ ತಿರುಗುತ್ತಿದ್ದರೆ ವಾಲ್ವ್ ಸತ್ತಿದೆ. ಒಂದಿಂಚೂ ಅಲುಗದಿದ್ದರೂ ಸತ್ತಿದೆ. ಪೈಪ್ ರೆಂಚ್ ಹಾಕಿ ಜಗ್ಗಬೇಡಿ, ದಂಡ ಮುರಿದು ನೀರು ನಿಲ್ಲಿಸಲು ದಾರಿಯೇ ಇಲ್ಲದಂತಾಗುತ್ತದೆ.

ಇದರ ಬದಲು ಬಾಲ್ ವಾಲ್ವ್ ಹಾಕಿ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ದೂರದಿಂದಲೇ ಕಾಣುತ್ತದೆ. ಕೊಳ್ಳುವಾಗ ತೂತಿನೊಳಗೆ ಕಣ್ಣಿಟ್ಟು ನೋಡಿ. ಒಳದಾರಿ ಪೈಪಿನಷ್ಟೇ ಅಗಲ ಇರಬೇಕು. ಅಗ್ಗದ ಕೆಲವು ವಾಲ್ವ್‌ಗಳಲ್ಲಿ ಹೊರಗೆ ಒಂದಿಂಚು, ಒಳಗೆ ಅರ್ಧ ಇಂಚು.

ಬದಲಿಸುವುದಕ್ಕೆ ಟ್ಯಾಂಕ್ ಖಾಲಿ ಮಾಡಲೇಬೇಕು ಅಂತಿಲ್ಲ. ಹಳೇ ಬಟ್ಟೆಯನ್ನು ಬಿಗಿಯಾಗಿ ಉಂಡೆ ಕಟ್ಟಿ, ಅದಕ್ಕೊಂದು ಗಟ್ಟಿ ದಾರ ಕಟ್ಟಿ, ಟ್ಯಾಂಕಿನ ಒಳಗಿನಿಂದ ತೂತಿಗೆ ಒತ್ತಿಬಿಟ್ಟರೆ ನೀರಿನ ಭಾರವೇ ಅದನ್ನು ಹಿಡಿದುಕೊಳ್ಳುತ್ತದೆ. ದಾರದ ತುದಿ ಮಾತ್ರ ಮೇಲೆ ಕಟ್ಟಿಡಿ, ಆಮೇಲೆ ಎಳೆದು ತೆಗೆಯಬೇಕಲ್ವಾ? ನೀರು ತುಂಬಾ ಜಾಸ್ತಿಯಿದ್ದರೆ ಅರ್ಧಕ್ಕಿಳಿಸಿ ಮಾಡಿ.

ವಾಲ್ವ್ ಬದಲಿಸಿದ್ದೇ ನಮ್ಮ 38 ಸೆಕೆಂಡ್ 19ಕ್ಕೆ ಇಳಿಯಿತು.

ಟ್ಯಾಂಕ್ ಮತ್ತು ಮೇಲಿನ ಲೈನ್

ಟ್ಯಾಂಕಿನ ಮುಚ್ಚಳ ತೆಗೆದು ತಳ ನೋಡಿ. ಎರಡು ಮೂರು ಇಂಚು ಕೆಂಪು ಕೆಸರು, ಕೊಳೆತ ಎಲೆ, ಮುಚ್ಚಳ ಕೋತಿಗಳು ತೆಗೆದಿದ್ದರೆ ಒಂದೆರಡು ಕಪ್ಪೆ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದಂಶ ಇದ್ದರೆ ಕಿತ್ತಳೆ ಬಣ್ಣದ ಲೋಳೆಯೂ ಇರುತ್ತದೆ. ಕೆಸರು ಹೊರಹೋಗುವ ತೂತಿನ ಮಟ್ಟಕ್ಕೆ ಬಂದರೆ ಅದೆಲ್ಲ ಪೈಪಿಗೆ ಇಳಿಯುತ್ತದೆ.

ತೊಳೆಯುವಾಗ ಮನೆಯ ಕಡೆಗಿನ ವಾಲ್ವ್ ಮೊದಲು ಮುಚ್ಚಿ. ಕದಡಿದ ಕೆಸರು ಪೈಪಿಗೆ ಹೋದರೆ ತೊಳೆಯದೇ ಇದ್ದದ್ದೇ ವಾಸಿ ಅನ್ನಿಸುತ್ತದೆ. ತಳದ ಡ್ರೈನ್ ತೆರೆದು, ಇಲ್ಲದಿದ್ದರೆ ಹೋಸ್‌ನಿಂದ ಹೀರಿ, ಕೆಸರು ಹೊರಹಾಕಿ. ತುಂಬಿಸಿದ ಮೇಲೆ ಅಡುಗೆಮನೆ ನಲ್ಲಿಯ ಜಾಲರಿ ಬಿಚ್ಚಿಟ್ಟು, ಮೊದಲ ಎರಡು ಬಕೆಟ್ ನೀರನ್ನು ಅಂಗಳದ ನಲ್ಲಿಯಿಂದ ಹರಿಯಬಿಡಿ, ಆಮೇಲೆ ಅಡುಗೆಮನೆಯದ್ದು. ದೊಡ್ಡ ಸಿಮೆಂಟ್ ತೊಟ್ಟಿಗೆ ಇಳಿಯುವುದಾದರೆ ಒಬ್ಬರೇ ಇಳಿಯಬೇಡಿ.

ಮೇಲಿನ ಒರತೆಯಿಂದ ಪಂಪಿಲ್ಲದೆ ಪೈಪಿನಲ್ಲಿ ನೀರು ತರುವ ಮನೆಗಳು ನಮ್ಮಲ್ಲಿ ಇನ್ನೂ ಸಾಕಷ್ಟಿವೆ. ಅಂಥವರು ಒರತೆಯ ಬಾಯಲ್ಲೇ ಕೆಸರು ತಡೆಯುವುದು ಒಳ್ಳೆಯದು. ಒಂದು ಡ್ರಮ್ ಇಟ್ಟು, ನೀರು ಕೆಳಗಿನಿಂದ ಒಳಬಂದು ಮೇಲಿನಿಂದ ಹೊರಹೋಗುವಂತೆ ಮಾಡಿದರೆ ಮಣ್ಣು ತಳದಲ್ಲಿ ಕೂರುತ್ತದೆ. ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಬೇಡಿ, ಒಂದೇ ಎಲೆ ಅದನ್ನು ಮುಚ್ಚಿಬಿಡುತ್ತದೆ. ಎರಡಡಿ ಪೈಪಿನ ತುದಿ ಮುಚ್ಚಿ, ಮೈತುಂಬ ತೂತು ಕೊರೆದು, ಅದರ ಮೇಲೆ ಜಾಲರಿ ಸುತ್ತಿ. ತೋಟದೊಳಗಿನ ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪನ್ನು ಒಮ್ಮೆ ಉದ್ದಕ್ಕೂ ನಡೆದು ನೋಡಿ. ಕೊಂಬೆ ಬಿದ್ದೋ ಆನೆ ಕಾಲಿಟ್ಟೋ ಒಂದು ಕಡೆ ಚಪ್ಪಟೆಯಾಗಿದ್ದರೆ ಮನೆಯಲ್ಲಿ ಏನು ರಿಪೇರಿ ಮಾಡಿದರೂ ಉಪಯೋಗವಿಲ್ಲ.

ಪೈಪ್: ತೇಪೆ ಹಾಕಬೇಡಿ, ಹೊಸ ಲೈನ್ ಎಳೆಯಿರಿ

ಇಲ್ಲಿವರೆಗಿನದ್ದೆಲ್ಲ ಮಾಡಿಯೂ ನೀರು ಸಾಲದಿದ್ದರೆ ಜಿಐ ಪೈಪನ್ನು ಹಿಡಿಯಿರಿ. ಬೆಳಿಗ್ಗೆ ಮೊದಲು ಬರುವ ನೀರು ಕೆಂಪಗಿದೆಯಾ? ಹಾಗಾದರೆ ಅನುಮಾನವೇ ಬೇಡ. ತುಕ್ಕು ಪೈಪಿನೊಳಗೆ ಗಂಟು ಗಂಟಾಗಿ ಬೆಳೆಯುತ್ತದೆ. ಎಲ್ಬೋಗಳಲ್ಲಿ ಮೊದಲು ಕಟ್ಟುತ್ತದೆ. ಅರ್ಧ ಇಂಚಿನ ಪೈಪ್‌ಗೆ ದಾರಿ ಉಳಿಯುವುದೇ ಕಡಿಮೆ.

ಒಂದು ಎಲ್ಬೋ ಮಾತ್ರ ಬದಲಿಸೋಣ ಅಂತ ಅನ್ನಿಸುತ್ತದೆ. ನಾನೂ ಹಾಗೇ ಶುರು ಮಾಡಿದ್ದೆ. ಅದನ್ನು ಬಿಚ್ಚುವ ರಭಸಕ್ಕೆ ಮುಂದಿನ ಪೈಪಿನ ಥ್ರೆಡ್ ಉದುರಿತು, ಅದನ್ನು ಮುಟ್ಟಿದರೆ ಅದರ ಮುಂದಿನದ್ದು. ಮಣ್ಣಿನ ಅಥವಾ ಕಲ್ಲಿನ ಗೋಡೆ ಕೊರೆದು ಪೈಪ್ ಹುಡುಕುವುದು ಇನ್ನೂ ಕೆಟ್ಟ ಕೆಲಸ. ಹಳೇ ಲೈನನ್ನು ಎರಡೂ ತುದಿಯಲ್ಲಿ ಮುಚ್ಚಿ ಗೋಡೆಯೊಳಗೇ ಬಿಟ್ಟುಬಿಡಿ. ಟ್ಯಾಂಕಿನಿಂದ ಸಿಂಕಿಗೆ ಗೋಡೆಯ ಹೊರಗಿನಿಂದ ಹೊಸ ಲೈನ್ ಎಳೆಯಿರಿ. ನೋಡಲು ಅಷ್ಟು ಚಂದವಿಲ್ಲ, ನಿಜ. ಆದರೆ ಮುಂದೆ ಸೋರಿದರೆ ಕಣ್ಣಿಗೆ ಕಾಣುತ್ತದೆ.

ಅಳತೆಯಲ್ಲಿ ಜಿಪುಣತನ ಮಾಡಬೇಡಿ. ಟ್ಯಾಂಕಿನಿಂದ ಒಂದಿಂಚು, ಅಡುಗೆಮನೆಗೆ ಕವಲೊಡೆಯುವಲ್ಲಿ ಮುಕ್ಕಾಲು, ಕೊನೆಯ ಒಂದೆರಡು ಅಡಿ ಮಾತ್ರ ಅರ್ಧ ಇಂಚು. ಅಷ್ಟೇ ಒತ್ತಡದಲ್ಲಿ ಮುಕ್ಕಾಲು ಇಂಚಿನ ಪೈಪ್ ಅರ್ಧ ಇಂಚಿನದ್ದಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ನೀರು ಒಯ್ಯುತ್ತದೆ. ಇನ್ನೊಂದು ವಿಷಯ ಪ್ಲಂಬರ್‌ಗಳೂ ಕೆಲವೊಮ್ಮೆ ಮರೆಯುತ್ತಾರೆ. ಕೆನೆ ಬಣ್ಣದ ಸಿಪಿವಿಸಿ ಪ್ಲಾಸ್ಟಿಕ್ ಪೈಪಿನ 'ಮುಕ್ಕಾಲು ಇಂಚು' ಜಿಐನ ಮುಕ್ಕಾಲಿಗಿಂತ ಒಳಗೆ ಕಿರಿದು. ಜಿಐ ತೆಗೆದು ಸಿಪಿವಿಸಿ ಹಾಕುವಾಗ ಒಂದು ಅಳತೆ ದೊಡ್ಡದನ್ನೇ ಹಾಕಿ. ಎಲ್ಬೋಗಳನ್ನೂ ಆದಷ್ಟು ಕಡಿಮೆ ಮಾಡಿ.

ಸಿಪಿವಿಸಿ ಜೋಡಿಸುವುದು ಮನೆಯವರೇ ಮಾಡಬಹುದಾದ ಕೆಲಸ:

1. ಪೈಪನ್ನು ಸೊಟ್ಟ ಇಲ್ಲದಂತೆ ಕತ್ತರಿಸಿ, ಅಂಚಿನ ಸಿಬಿರನ್ನು ಚಾಕುವಿನಿಂದ ಒಳಗೂ ಹೊರಗೂ ಕೆರೆದು ತೆಗೆಯಿರಿ.
2. ಸಲ್ಯೂಷನ್ (ಪೈಪ್ ಅಂಟಿಸುವ ಅಂಟು) ಹಚ್ಚದೆ ಇಡೀ ಲೈನನ್ನು ಒಮ್ಮೆ ಜೋಡಿಸಿ ನೋಡಿ. ಪೆನ್ನಿನಿಂದ ಗುರುತು ಹಾಕಿ.
3. ಒಣ ಬಟ್ಟೆಯಿಂದ ಒರೆಸಿ. ನಮ್ಮ ಮಳೆಗಾಲದಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ, ತೇವ ಇದ್ದರೆ ಅಂಟುವುದಿಲ್ಲ.
4. ಸಿಪಿವಿಸಿಗೇ ಇರುವ ಸಲ್ಯೂಷನ್ ತನ್ನಿ. ಪೈಪಿಗೆ ದಟ್ಟವಾಗಿ, ಫಿಟ್ಟಿಂಗಿನ ಒಳಗೆ ತೆಳ್ಳಗೆ ಹಚ್ಚಿ. ಒಳಗೆ ಜಾಸ್ತಿ ಹಚ್ಚಿದರೆ ಅದೇ ಗಟ್ಟಿಯಾಗಿ ದಾರಿ ಕಟ್ಟುತ್ತದೆ.
5. ತಳ ಮುಟ್ಟುವವರೆಗೆ ತಳ್ಳಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡಿದುಕೊಳ್ಳಿ.
6. ನಲ್ಲಿ ಕೂರುವ ಜಾಗಕ್ಕೆ ಹಿತ್ತಾಳೆ ಥ್ರೆಡ್ ಇರುವ ಫಿಟ್ಟಿಂಗ್ ಹಾಕಿ. ಟೆಫ್ಲಾನ್ ಟೇಪನ್ನು ನಲ್ಲಿ ಬಿಗಿಯುವ ದಿಕ್ಕಿಗೇ ಸುತ್ತಿ, ಇಲ್ಲದಿದ್ದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ.
7. ಮೂರು ಅಡಿಗೊಂದು ಕ್ಲಾಂಪ್ ಹೊಡೆಯಿರಿ. ಚಳಿ, ಮಳೆ ಇದ್ದರೆ ಒಂದು ರಾತ್ರಿ ಒಣಗಲು ಬಿಟ್ಟು ಆಮೇಲೆ ನೀರು ಬಿಡಿ.

ಬಿಸಿಲು ಬೀಳುವ ಕಡೆ ಪೈಪಿಗೆ ನೀರಿನಲ್ಲಿ ಕಲಸುವ ಪೇಂಟ್ ಒಂದು ಕೋಟ್ ಹೊಡೆಯಿರಿ. ಹೊಸ ಲೈನ್ ಹಾಕಿದ ದಿನ ನಮ್ಮ ಮನೆಯಲ್ಲಿ 8 ಸೆಕೆಂಡ್ ಬಂತು. ಟ್ಯಾಂಕ್ ಅದೇ ಜಾಗದಲ್ಲಿ, ನಲ್ಲಿಗಿಂತ 9 ಅಡಿ ಮೇಲೆ, ಹಾಗೇ ಇತ್ತು.

ಎತ್ತರ ನಿಜವಾಗಿಯೂ ಸಾಲದಿದ್ದರೆ

ಟ್ಯಾಂಕಿನ ತಳ ನಲ್ಲಿಗಿಂತ ನಾಲ್ಕೈದು ಅಡಿ ಮಾತ್ರ ಮೇಲಿದ್ದರೆ ದಾರಿ ಎಷ್ಟೇ ಸ್ವಚ್ಛವಿದ್ದರೂ ನೀರು ಮೆತ್ತಗೇ ಬರುತ್ತದೆ. ಇಳಿಜಾರಿನ ಜಾಗದಲ್ಲಿ ಕಣ್ಣಳತೆ ಮೋಸ ಮಾಡುತ್ತದೆ. ಮೇಸ್ತ್ರಿಗಳು ಲೆವೆಲ್ ನೋಡುವ ಪಾರದರ್ಶಕ ಟ್ಯೂಬನ್ನು ನಲ್ಲಿಯ ಬಾಯಿಗೆ ಸಿಕ್ಕಿಸಿ, ನಲ್ಲಿ ತೆರೆದು, ತುದಿಯನ್ನು ಮೇಲೆತ್ತುತ್ತಾ ಹೋಗಿ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಲ್ಲಿಗೆ ಇರುವ ಎತ್ತರವೇ ನಿಮಗೆ ಸಿಗುತ್ತಿರುವ ಪೂರ್ತಿ ಒತ್ತಡ.

ಹೆಂಚಿನ ಮಾಡಿನ ಮೇಲೆ ಟ್ಯಾಂಕ್ ಏರಿಸುವ ಯೋಚನೆ ಬಿಟ್ಟುಬಿಡಿ. 1000 ಲೀಟರ್ ನೀರು ಅಂದರೆ ಒಂದು ಟನ್ ಭಾರ. ಹಳೇ ಮರದ ತೊಲೆಗಳು ಅದಕ್ಕಾಗಿ ಇಟ್ಟವಲ್ಲ. ಆದರೆ ಬಯಲು ಸೀಮೆಯವರಿಗಿಲ್ಲದ ಒಂದು ಅನುಕೂಲ ನಮಗಿದೆ: ಮನೆಯ ಹಿಂದೆಯೇ ಗುಡ್ಡ. ಟ್ಯಾಂಕನ್ನು ಹಿಂದಿನ ಏರಿನಲ್ಲಿ 20 ಅಡಿ ಮೇಲೆ ಕೂರಿಸಿದರೆ 0.6 ಬಾರ್ ಪುಕ್ಕಟೆಯಾಗಿ ಬರುತ್ತದೆ, ಕರೆಂಟ್ ಬೇಡ. ಲೈನ್ ಉದ್ದವಾಗುವುದರಿಂದ ಒಂದೂಕಾಲು ಇಂಚಿನ ಎಚ್‌ಡಿಪಿಇ ಹಾಕಿ, ಮೇಲೆ ಕೆಳಗೆ ಅಲೆಯದಂತೆ ಒಂದೇ ಸಮ ಇಳಿಯುವಂತೆ ಹೂಳಿ. ಟ್ಯಾಂಕನ್ನು ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಲ್ಲಿ, ತುಂಬಿಸಿದ ಮಣ್ಣಿನ ಮೇಲೆ ಇಡಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಟ್ಟಿ ನೆಲ ನೋಡಿ, ಓವರ್‌ಫ್ಲೋ ನೀರು ಬರೆಗೆ ಇಳಿಯದೆ ಚರಂಡಿಗೆ ಹೋಗುವಂತೆ ಮಾಡಿ.

ಕೊನೆಗೆ ಪಂಪ್

ಟ್ಯಾಂಕ್ ಏರಿಸಲು ಜಾಗವಿಲ್ಲದ ಮಡಿಕೇರಿ, ವಿರಾಜಪೇಟೆ ಪೇಟೆಯ ಹಳೇ ಮನೆಗಳಿಗೆ ಪಂಪ್ ಬೇಕಾಗಬಹುದು. ಪೈಪ್ ಹೊಸದಾಗಿದ್ದರೆ ಮಾತ್ರ ಹಾಕಿ. ಒಂದು ಮನೆಗೆ ಅರ್ಧ ಎಚ್‌ಪಿಗಿಂತ ಜಾಸ್ತಿ ಸಾಮಾನ್ಯವಾಗಿ ಬೇಡ. ನಲ್ಲಿ ತೆರೆದಾಗ ತಾನೇ ಶುರುವಾಗಿ ಮುಚ್ಚಿದಾಗ ನಿಲ್ಲುವ ಆಟೋಮ್ಯಾಟಿಕ್ ತೆಗೆದುಕೊಳ್ಳಿ. ಟ್ಯಾಂಕಿನ ತಳಕ್ಕಿಂತ ಕೆಳಗೆ, ಮಳೆ ತಾಗದ ಕಡೆ ಕೂರಿಸಿ, ಅರ್ತಿಂಗ್ ಕೊಡಿಸಿ.

ನಮ್ಮ ಜಿಲ್ಲೆಗೆ ಬಹಳ ಮುಖ್ಯವಾದದ್ದು ಬೈಪಾಸ್. ಪಂಪಿನ ಪಕ್ಕದಲ್ಲಿ ಒಂದು ಸಮಾನಾಂತರ ಪೈಪ್, ಅದರಲ್ಲಿ ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ನಾನ್ ರಿಟರ್ನ್ ವಾಲ್ವ್. ಕರೆಂಟ್ ಹೋದಾಗ ನೀರು ಪಂಪನ್ನು ಬಿಟ್ಟು ಆ ದಾರಿಯಲ್ಲಿ ತಾನೇ ಬರುತ್ತದೆ. ಇದಿಲ್ಲದಿದ್ದರೆ ಜುಲೈಯಲ್ಲಿ ಪಂಪೇ ನಿಮ್ಮ ಹೊಸ ಅಡ್ಡಿ. ಪಂಚಾಯಿತಿ ಅಥವಾ ನಗರಸಭೆ ನಲ್ಲಿಗೆ ನೇರವಾಗಿ ಪಂಪ್ ಜೋಡಿಸುವುದು ಕಾನೂನಿಗೂ ವಿರುದ್ಧ, ಪಕ್ಕದ ಮನೆಯವರ ನೀರನ್ನೂ ಸೋರುವ ಜಾಯಿಂಟಿನ ಕೊಳೆಯನ್ನೂ ಒಟ್ಟಿಗೇ ಎಳೆಯುತ್ತದೆ. ಯಾರೂ ನಲ್ಲಿ ಮುಟ್ಟದಿದ್ದರೂ ಪಂಪ್ ಆಗಾಗ ಗುಂಯ್ ಅನ್ನುತ್ತಿದ್ದರೆ ಎಲ್ಲೋ ತೊಟ್ಟಿಕ್ಕುತ್ತಿದೆ, ಅದನ್ನು ಮೊದಲು ನಿಲ್ಲಿಸಿ.

ನಮ್ಮ ಪಂಪ್ ಈಗ ಕಣದ ಪಕ್ಕದ ಶೆಡ್ಡಿನಲ್ಲಿದೆ, ಜೀಪ್ ತೊಳೆಯುವುದಕ್ಕೆ. ಅಡುಗೆಮನೆ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಸೆಕೆಂಡುಗಳನ್ನು ಬರೆಯುತ್ತಾ ಬಂದಿದ್ದೇನೆ. ಮೇ ತಿಂಗಳಲ್ಲಿ 8 ಇತ್ತು. ಆಗಸ್ಟ್‌ನಲ್ಲಿ 11 ಆಯಿತು. ಜಾಲರಿ ಬಿಚ್ಚಿದೆ, ಒಳಗೆ ಒಂದು ಚಿಟಿಕೆ ಕೆಂಪು ಮಣ್ಣು. ತೊಳೆದು ಹಾಕಿದ ಮೇಲೆ ಮತ್ತೆ 8.